ಅನ್ನ ಬೇಯುವಷ್ಟು ಹೊತ್ತು

"ಗುರುಗಳೇ, ತಿಳಿಯದ ಜನರಿಗೆ ತಿಳಿಸಲು ನಾವು ಇನ್ನೆಷ್ಟು ಕೆಳಗೆ ಇಳಿಯಬೇಕು?"

ಶಿಷ್ಯ ಬಂದವನೇ ಹೀಗೆ ಕೇಳಿದ. ಚಪ್ಪಲಿ ಬಿಡುವುದನ್ನೂ ಮರೆತಿದ್ದ.

ಗುರುಗಳು ದೂರದರ್ಶಕಕ್ಕೆ ಕನ್ನಡಿ ಉಜ್ಜುತ್ತಿದ್ದರು. ಗಾಜಿನ ಮೇಲೆ ಗಾಜು, ನಡುವೆ ಹಸಿ ಮರಳು. ಹತ್ತು ಸಲ ಉಜ್ಜುವುದು, ಒಂದು ಹೆಜ್ಜೆ ಸರಿಯುವುದು, ಮತ್ತೆ ಉಜ್ಜುವುದು. ಆಕಾಶ ನೋಡುವುದನ್ನೇ ಬದುಕು ಮಾಡಿಕೊಂಡವರು ಅವರು. ಶಿಷ್ಯನೂ ಅದೇ ವಿದ್ಯೆಯವನು. ಈಚೆಗೆ ಅವನನ್ನು ಊರೂರಿಗೆ ಕರೆಸಿ, ಜನರಿಗೆ ನಕ್ಷತ್ರಗಳ ವಿಷಯ ಹೇಳಿ ಎಂದು ವೇದಿಕೆ ಹತ್ತಿಸುತ್ತಿದ್ದರು.

"ಏನಾಯಿತು?" ಎಂದರು ಗುರುಗಳು.

"ನಿನ್ನೆ ಒಂದು ಊರಿನಲ್ಲಿ ಮಾತಾಡಿದೆ. ಕಷ್ಟದ್ದನ್ನೆಲ್ಲ ತೆಗೆದುಹಾಕಿ, ಮಗುವಿಗೆ ತುತ್ತು ಕಲಸಿ ಕೊಡುವಂತೆ ಕೊಟ್ಟೆ. ಪ್ರಶ್ನೆ ಕೇಳಿ ಎಂದೆ. ಒಬ್ಬ ಮುದುಕಿ ಎದ್ದು ಏನೋ ಕೇಳಿದಳು. ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನಗೂ ತಡೆಯಲಾಗಲಿಲ್ಲ. ಇಂಥವರ ಮುಂದೆ ವಿಜ್ಞಾನ ಹೇಳಿ ಏನು ಫಲ?"

ಗುರುಗಳ ಕೈ ನಿಲ್ಲಲಿಲ್ಲ. ಆದರೆ ಮರಳಿನ ಸದ್ದು ಒರಟಾಯಿತು.

"ಚಪ್ಪಲಿ ಹೊರಗೆ ಬಿಟ್ಟು ಬಂದು ಕೂತುಕೋ," ಎಂದರು. ಅವನು ಬಂದು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಕಡಲತೀರದಲ್ಲಿ ಉಪ್ಪಿನ ಆಗರವಿತ್ತು. ಹದಿನೆಂಟು ಮನೆಯವರು ಸೇರಿ ಉಪ್ಪು ಬೆಳೆಯುತ್ತಿದ್ದರು. ಉಪ್ಪು ಬೆಳೆಯುವುದೆಂದರೆ ಮತ್ತೇನಲ್ಲ. ಸಮುದ್ರದ ನೀರನ್ನು ಪಾತಿಗಳಿಗೆ ತಂದು ನಿಲ್ಲಿಸುವುದು, ಬಿಸಿಲು ಅದನ್ನು ಕುಡಿಯುವವರೆಗೆ ಕಾಯುವುದು, ಉಳಿದದ್ದನ್ನು ಎಳೆದು ಬದುವಿನ ಮೇಲೆ ಗುಡ್ಡೆ ಹಾಕುವುದು. ಗುಡ್ಡೆ ಹಾಕಿದ ಮೇಲೆ ಪಾತಿಯಲ್ಲಿ ಒಂದಿಷ್ಟು ಕಹಿನೀರು ಉಳಿಯುತ್ತದೆ. ಅದನ್ನು ಹೊರಗೆ ಬಿಡದಿದ್ದರೆ ಮುಂದಿನ ಉಪ್ಪನ್ನು ನಾಲಿಗೆಗೆ ಇಡಲಾಗದು. ಬಿಡುವುದಕ್ಕೆ ಕಟ್ಟೆಯಲ್ಲಿ ಒಂದು ತೂಬು, ತೂಬಿಗೆ ಒಂದು ಮರದ ಹಲಗೆ. ಹಲಗೆಯ ಈಚೆ ಉಪ್ಪು, ಆಚೆ ಸಮುದ್ರ. ಹೊರಗೆ ಇಳಿತವಿದ್ದಾಗ ಹಲಗೆ ಎತ್ತಿದರೆ ಕಹಿನೀರು ಹೊರಗೆ ಹೋಗುತ್ತದೆ. ನೀರು ಏರುವ ಭರತವಿದ್ದಾಗ ಎತ್ತಿದರೆ ಸಮುದ್ರವೇ ಒಳಗೆ ಬರುತ್ತದೆ. ವಿದ್ಯೆ ಇಷ್ಟೇ. ಇಷ್ಟರ ಮೇಲೆ ಹದಿನೆಂಟು ಮನೆಗಳ ಬದುಕು ನಿಂತಿತ್ತು.

ಹಲಗೆ ಎತ್ತುವ ಕೋಲು ಮಾದೇವಿ ಎಂಬ ಹೆಂಗಸಿನ ಕೈಯಲ್ಲಿತ್ತು. ಅವಳಿಗೆ ಅತ್ತೆಯಿಂದ ಬಂದದ್ದು, ಅತ್ತೆಗೆ ಅವಳ ಅತ್ತೆಯಿಂದ. ಮಾದೇವಿಗೆ ಅಕ್ಷರ ಬಾರದು. ಗಡಿಯಾರ ನೋಡಲೂ ಬಾರದು. ಆದರೂ ನಲವತ್ತು ವರ್ಷಗಳಲ್ಲಿ ಒಂದೇ ಒಂದು ಸಲ ಆ ಹಲಗೆ ತಪ್ಪು ಹೊತ್ತಿನಲ್ಲಿ ಎದ್ದಿರಲಿಲ್ಲ.

ಅವಳ ಲೆಕ್ಕ ಒಲೆಯ ಮೇಲಿತ್ತು. ಸಮುದ್ರದ ನೀರು ತೂಬಿಗೆ ಬರುವುದು ಪಕ್ಕದ ಹೊಳೆಯ ದಾರಿಯಲ್ಲಿ. ಆ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಒಂದು ಕರಿಬಂಡೆ ಇದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಮಾತ್ರ ಅದು ಪೂರ್ತಿ ಮುಳುಗುತ್ತದೆ. ಕಟ್ಟೆಯ ಮೇಲೆ ನಿಂತರೆ ಕಾಣುತ್ತದೆ. ಬಂಡೆಯ ನೆತ್ತಿ ಮುಳುಗಿದ ಕೂಡಲೇ ಮಾದೇವಿ ಮನೆಗೆ ಬಂದು ಕುದಿಯುವ ಎಸರಿಗೆ ಕುಚ್ಚಲಕ್ಕಿ ಹಾಕುತ್ತಾಳೆ. ಅದೇ ಗಡಿಗೆ, ಅದೇ ಅಳತೆ, ಅದೇ ಕಟ್ಟಿಗೆ. ಅನ್ನ ಬೆಂದಾಗ ತೂಬಿನ ಬಾಯಲ್ಲಿ ಭರತ ತುಂಬಿ ನಿಲ್ಲುತ್ತದೆ. ಆಮೇಲೆ ಗಂಜಿ ಬಸಿದು, ಉಂಡು, ಗಡಿಗೆ ತೊಳೆದು, ಒಂದು ಎಲೆ ಅಡಿಕೆ ಹಾಕಿಕೊಂಡು ಏಳುವ ಹೊತ್ತಿಗೆ ಇಳಿತ ಚೆನ್ನಾಗಿ ಹಿಡಿದಿರುತ್ತದೆ. ಆಗ ಹಲಗೆ ಎತ್ತಬೇಕು. "ಬೆಳ್ತಿಗೆ ಅಕ್ಕಿ ಮಾತ್ರ ಹಾಕಬೇಡ ಮಗಾ, ಅದು ಬೇಗ ಬೆಂದು ಸುಳ್ಳು ಹೇಳುತ್ತದೆ," ಎಂದು ಅತ್ತೆ ಸಾಯುವಾಗಲೂ ಹೇಳಿದ್ದಳು.

ಒಂದು ದಿನ ಆ ಊರಿಗೆ ಒಬ್ಬ ವಿಜ್ಞಾನಿ ಬಂದ. ಆಕಾಶದ ವಿಷಯ ಬಲ್ಲವನು, ದೊಡ್ಡ ಹೆಸರಿನವನು. ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಮಾದೇವಿ ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಳು. ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟುಕೊಂಡಿದ್ದಳು. ಮದುವೆಯಾಗಿ ಬಂದ ವರ್ಷದಿಂದ ಅವಳಿಗೆ ಒಂದು ವಿಷಯ ತಿಳಿಯಬೇಕಿತ್ತು. ಈ ನೀರು ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ? ಪೂಜೆಯ ಭಟ್ಟರನ್ನು ಕೇಳಿದ್ದಳು. ದೇವರ ಲೀಲೆ ಎಂದಿದ್ದರು. ಶಾಲೆಯ ಮಾಸ್ತರನ್ನು ಕೇಳಿದ್ದಳು. ಅದು ನಮ್ಮ ಪಾಠದಲ್ಲಿಲ್ಲ ಎಂದಿದ್ದರು. ಇವತ್ತು ತಿಳಿದವನೇ ಬಂದಿದ್ದಾನೆ.

ವಿಜ್ಞಾನಿ ಒಂದು ಕೈಯಲ್ಲಿ ತೆಂಗಿನಕಾಯಿ ಹಿಡಿದ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು ಹಿಡಿದ. ಇದು ಭೂಮಿ, ಇದು ಚಂದ್ರ ಎಂದ. ಚಂದ್ರ ಸಮುದ್ರದ ನೀರನ್ನು ತನ್ನ ಕಡೆಗೆ ಎಳೆಯುತ್ತಾನೆ, ನೆತ್ತಿಯ ಮೇಲೆ ಬಂದಾಗ ಭರತ ತುಂಬುತ್ತದೆ ಎಂದ. "ಅಮಾವಾಸ್ಯೆಯ ದಿನ ಚಂದ್ರ ಕಾಣುವುದಿಲ್ಲ. ಆದರೆ ಇಲ್ಲ ಎಂದುಕೊಳ್ಳಬೇಡಿ. ಸೂರ್ಯನ ಜೊತೆಗೇ ಬಂದು ಮಧ್ಯಾಹ್ನ ಹನ್ನೆರಡಕ್ಕೆ ನಿಮ್ಮ ನೆತ್ತಿಯ ಮೇಲೆ ನಿಂತಿರುತ್ತಾನೆ. ಹುಣ್ಣಿಮೆಯ ಮಧ್ಯಾಹ್ನವಾದರೆ ನಿಮ್ಮ ಕಾಲಡಿ, ಭೂಮಿಯ ಆಚೆ ಬದಿಯಲ್ಲಿರುತ್ತಾನೆ."

ಮಾದೇವಿಗೆ ಮೈ ಜುಮ್ಮೆಂದಿತು. ಹಾಗಾದರೆ ನಲವತ್ತು ವರ್ಷ ತಾನು ಅಮಾವಾಸ್ಯೆಯ ಮಧ್ಯಾಹ್ನ ಗಡಿಗೆಗೆ ಅಕ್ಕಿ ಹಾಕುವಾಗ, ಕಾಣದ ಚಂದ್ರ ಮೇಲೆ ನಿಂತು ನೋಡುತ್ತಿದ್ದನೇ! ಬಂಡೆ ಮುಳುಗುವುದು ಅವನಿಂದಲೇ! ಅವಳ ಕಣ್ಣು ತುಂಬಿ ಬಂತು. ಎಂಥ ಮಾತು, ಎಷ್ಟು ಸಲೀಸಾಗಿ ಹೇಳಿಬಿಟ್ಟ!

ಸಂತೋಷದ ಬೆನ್ನಿಗೇ ಎರಡು ಪ್ರಶ್ನೆ ಹುಟ್ಟಿದವು. ವಿಜ್ಞಾನಿ "ಯಾರಾದರೂ ಕೇಳುವುದಿದ್ದರೆ ಕೇಳಿ" ಎಂದದ್ದೇ ತಡ, ಮಾದೇವಿ ಸೆರಗು ಸರಿ ಮಾಡಿಕೊಂಡು ಎದ್ದಳು.

"ಸ್ವಾಮಿ, ನೀವು ಹೇಳಿದ್ದು ಅಳಿವೆಯ ಬಂಡೆಗೆ ಸರಿಯಾಗಿ ಹೊಂದುತ್ತದೆ. ಚಂದ್ರ ನೆತ್ತಿಗೆ, ಬಂಡೆ ನೀರಿಗೆ. ಆದರೆ ನಮ್ಮ ತೂಬಿನ ಹತ್ತಿರ ನೀರು ಆಗಲೂ ಏರುತ್ತಲೇ ಇರುತ್ತದೆ. ಅನ್ನ ಬೇಯುವವರೆಗೂ ಏರುತ್ತದೆ. ಚಂದ್ರ ಎಳೆದು ಮುಗಿಸಿದ ಮೇಲೆ ಇಲ್ಲಿ ಅನ್ನ ಬೇಯುವಷ್ಟು ಹೊತ್ತು ನೀರನ್ನು ಏರಿಸುವವರು ಯಾರು?"

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಗರದ ಯಜಮಾನ ಹಮ್ಮಣ್ಣ ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಅವನು ತೊಡೆ ತಟ್ಟಿದ.

"ಕೇಳಿದಿರಾ ಸಾರ್? ಚಂದ್ರ ನಮ್ಮ ಮಾದೇವಕ್ಕನ ಗಂಜಿಗೆ ಕಾಯುತ್ತಾನಂತೆ!"

ಅಂಗಳ ಹೋ ಎಂದು ನಕ್ಕಿತು. ಹಿಂದಿನಿಂದ ಯಾರೋ ಕೂಗಿದರು, "ಮಾದೇವಕ್ಕ, ಉಪ್ಪಿನಕಾಯಿ ಬೇಕೋ ಕೇಳು ಚಂದ್ರನಿಗೆ!" ಮತ್ತೆ ನಗೆ. ವಿಜ್ಞಾನಿಯೂ ನಕ್ಕ. ಕರವಸ್ತ್ರದಿಂದ ಕಣ್ಣೊರೆಸಿಕೊಂಡು, "ಅಜ್ಜಿ, ಚಂದ್ರನಿಗೆ ಹಸಿವಿಲ್ಲ. ಕೂತುಕೊಳ್ಳಿ," ಎಂದ.

ಮಾದೇವಿ ಕೂತಳು. ಎರಡನೆಯ ಪ್ರಶ್ನೆ ಗಂಟಲಲ್ಲೇ ಉಳಿಯಿತು. ಅವಳ ಮುಖ ಒಲೆಯ ಮುಂದೆ ಕೂತವರ ಮುಖದಂತೆ ಕಾದಿತ್ತು. ಗೊತ್ತಿಲ್ಲ ಎಂದಿದ್ದರೆ ಅವಳಿಗೆ ಬೇಜಾರಿರಲಿಲ್ಲ. ಭಟ್ಟರಿಗೂ ಗೊತ್ತಿರಲಿಲ್ಲ, ಮಾಸ್ತರಿಗೂ ಗೊತ್ತಿರಲಿಲ್ಲ. ಆದರೆ ಅವರ್ಯಾರೂ ನಕ್ಕಿರಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಒಬ್ಬ ಹೆಂಗಸಿನ ಅವಮಾನವಾಗಿ ಮುಗಿಯುತ್ತಿತ್ತು. ಸಭೆ ಎದ್ದ ಮೇಲೆ ಹಮ್ಮಣ್ಣ ವಿಜ್ಞಾನಿಗೆ ಎಳನೀರು ಕೊಟ್ಟು, "ಸಾರ್, ನಮಗೂ ಒಂದು ಉಪಕಾರ ಮಾಡಿ. ಭರತ ಎಷ್ಟು ಹೊತ್ತಿಗೆ ಎಂದು ಬರೆದುಕೊಡಿ. ಈ ಕಾಲದಲ್ಲೂ ಅನ್ನದ ಗಡಿಗೆ ನೋಡಿ ತೂಬು ತೆಗೆಯುವುದು ನಾಚಿಕೆ," ಎಂದ. ವಿಜ್ಞಾನಿಗೆ ಹಿಗ್ಗಾಯಿತು. ತನ್ನ ವಿದ್ಯೆ ಜನರ ಕೆಲಸಕ್ಕೆ ಬಂತಲ್ಲ! ಅಲ್ಲೇ ಕೂತು ಲೆಕ್ಕ ಹಾಕಿ ಅಂದವಾಗಿ ಬರೆದುಕೊಟ್ಟ. ಅಮಾವಾಸ್ಯೆ, ಮಧ್ಯಾಹ್ನ ಹನ್ನೆರಡಕ್ಕೆ ಭರತ. ಒಂದು ಗಂಟೆಯ ಮೇಲೆ ತೂಬು ತೆಗೆಯಬಹುದು. ತೂಬು ಎಲ್ಲಿದೆ ಎಂದು ಅವನು ಕೇಳಲಿಲ್ಲ. ಚಂದ್ರ ಎಷ್ಟು ದೂರ ಎಂದು ಬಾಯಿಪಾಠವಿದ್ದವನು, ಅಳಿವೆ ಎಷ್ಟು ದೂರ ಎಂದು ಕೇಳಲಿಲ್ಲ.

ಮರುದಿನ ಹಮ್ಮಣ್ಣ ಆ ಕಾಗದಕ್ಕೆ ಗಾಜು ಹಾಕಿಸಿ ತೂಬಿನ ಮೇಲಿನ ಕಂಬಕ್ಕೆ ಹೊಡೆದ. ಮಾದೇವಿಯ ಮನೆಗೆ ಬಂದು ಕೋಲು ಕೇಳಿದ.

"ಯಾಕೆ? ನಲವತ್ತು ವರ್ಷದಲ್ಲಿ ನನ್ನ ಕೈ ಎಲ್ಲಿ ತಪ್ಪಿತು, ಹೇಳು."

"ತಪ್ಪಿದೆ ಎಂದಲ್ಲ ಮಾದೇವಕ್ಕ. ಈಗ ವಿಜ್ಞಾನ ಬಂದಿದೆ. ನೀನು ಆರಾಮವಾಗಿ ಉಂಡುಕೊಂಡಿರು."

ಅವಳು ಕೋಲು ಕೊಡಲಿಲ್ಲ. ಅವನೇ ಮನೆಯ ಮಾಡಿಗೆ ಸಿಕ್ಕಿಸಿದ್ದನ್ನು ಎಳೆದುಕೊಂಡು ಹೋದ.

ಆ ವರ್ಷದ ಮೊದಲ ಉಪ್ಪು ಎಳೆದಾಯಿತು. ಮೊದಲ ಉಪ್ಪನ್ನು ಆ ಊರಿನಲ್ಲಿ ಮಾರುವುದಿಲ್ಲ. ಅದು ಹದಿನೆಂಟು ಮನೆಗಳ ಭರಣಿಗೆ, ಬಾಣಂತಿಯರ ಮನೆಗೆ, ಮೀನು ಒಣಗಿಸುವವರ ಬುಟ್ಟಿಗೆ. ಬದುವಿನ ಮೇಲೆ ಸಾಲಾಗಿ ಗುಡ್ಡೆ ಹಾಕಿದ್ದರು. ಅಮಾವಾಸ್ಯೆ ಬಂತು. ಕಹಿನೀರು ಬಿಡುವ ದಿನ. ಊರೆಲ್ಲ ಕಟ್ಟೆಯ ಮೇಲೆ ಸೇರಿತು, ಹೊಸ ಪದ್ಧತಿ ನೋಡಲು.

ಮಾದೇವಿ ಹೋಗಬಾರದು ಎಂದುಕೊಂಡಿದ್ದಳು. ಆದರೆ ಮನೆಯ ಬಾಗಿಲಿಂದಲೇ ಬಂಡೆ ಮುಳುಗಿದ್ದು ಕಂಡಾಗ ಕೈ ತಾನಾಗಿ ಅಕ್ಕಿ ಹಾಕಿತು. ಅನ್ನ ಇನ್ನೂ ಕುದಿಯುತ್ತಿರುವಾಗ ತೂಬಿನ ಕಡೆಯಿಂದ ಹಮ್ಮಣ್ಣನ ದನಿ ಕೇಳಿತು. "ಒಂದು ಗಂಟೆಯಾಯಿತು, ಹಿಡಿಯಿರಿ!" ಮಾದೇವಿ ಸೌಟಿನಲ್ಲಿ ನಾಲ್ಕು ಅಗುಳು ತೆಗೆದುಕೊಂಡು ಬರಿಗಾಲಲ್ಲಿ ಓಡಿದಳು.

"ಹಮ್ಮಣ್ಣ, ಮುಟ್ಟಬೇಡ! ನೀರು ಇನ್ನೂ ಏರುತ್ತಿದೆ."

"ಕಾಗದದಲ್ಲಿ ಇಳಿಯುತ್ತಿದೆ."

"ಕಾಗದವನ್ನು ಹಿಡಿದುಕೊಂಡೇ ನೀರಿಗಿಳಿ. ಅದು ಒಣಗಿರುತ್ತದೆಯೋ ಒದ್ದೆಯಾಗುತ್ತದೆಯೋ ನೋಡೋಣ!"

"ಏನು ಮಾದೇವಕ್ಕ, ಇನ್ನೂ ಅನ್ನ ಬೆಂದಿಲ್ಲವೋ?"

ಜನ ನಕ್ಕರು. ಮಾದೇವಿ ನಗಲಿಲ್ಲ, ಅಳಲೂ ಇಲ್ಲ. ಒಂದು ಅಗುಳನ್ನು ಹೆಬ್ಬೆರಳಿನಿಂದ ಹಿಚುಕಿ ಅವನ ಮೂಗಿನ ಮುಂದೆ ಹಿಡಿದಳು. "ಬೆಂದಿಲ್ಲ. ನೋಡು, ನಡುವೆ ಬಿಳಿ ಗಟ್ಟಿ ಇದೆ. ಇದು ಮೆತ್ತಗಾಗುವವರೆಗೆ ಸಮುದ್ರ ನಿಲ್ಲುವುದಿಲ್ಲ. ನನ್ನ ಮಾತು ಬೇಡ, ನಿನ್ನ ಕಣ್ಣಿದೆಯಲ್ಲ! ಹಲಗೆಯ ಆಚೆ ನೀರು ಎಲ್ಲಿದೆ, ಈಚೆ ಎಲ್ಲಿದೆ?"

ಹಮ್ಮಣ್ಣ ನೋಡಿದ. ಆಚೆಯ ನೀರು ಮೇಲಿತ್ತು. ಅದು ಅವನಿಗೂ ಕಂಡಿತು. ಕಂಬದ ಮೇಲಿನ ಕಾಗದವನ್ನೂ ನೋಡಿದ. ಅದರಲ್ಲಿ ದೊಡ್ಡವರ ಸಹಿ ಇತ್ತು. ಈಗ ಎತ್ತದಿದ್ದರೆ ಇಷ್ಟು ಜನರ ಮುಂದೆ ಅನ್ನದ ಅಗುಳಿಗೆ ಸೋತಂತಾಗುತ್ತದೆ. ಹಲಗೆ ಏಳುವಷ್ಟರಲ್ಲಿ ಇಳಿಯುತ್ತದೆ ಬಿಡು ಎಂದುಕೊಂಡ. ಕೋಲು ಹಾಕಿ ಎತ್ತಿದ.

ಹಲಗೆ ಎದ್ದದ್ದಷ್ಟೇ ಕಂಡಿತು. ಮತ್ತೆ ಇಳಿಸಲು ಐದು ಜನ ಜೋತುಬಿದ್ದರೂ ಆಗಲಿಲ್ಲ. ಸಮುದ್ರ ಒಳಗೆ ಬಂತು. ಪಾತಿ ತುಂಬಿತು, ಬದು ಮುಳುಗಿತು, ಗುಡ್ಡೆಗಳು ಬುಡದಿಂದ ಕರಗಿ ಒಂದೊಂದಾಗಿ ಕೂತವು. ಸಮುದ್ರದಿಂದ ಬಂದ ಉಪ್ಪು, ಮನೆ ದಾರಿ ಅದಕ್ಕೆ ಗೊತ್ತಿತ್ತು. ಮಾದೇವಿಯ ಒಲೆಯ ಮೇಲೆ ಅನ್ನ ಬೇಯುವ ಮೊದಲೇ ಹದಿನೆಂಟು ಮನೆಯ ಉಪ್ಪು ಹೊರಟುಹೋಯಿತು.

ಆಮೇಲೆ ನಡೆದದ್ದನ್ನು ಕೇಳು. ಜನ ಕಾಗದವನ್ನು ಬೈಯಲಿಲ್ಲ. ಹಮ್ಮಣ್ಣನನ್ನೂ ಬೈಯಲಿಲ್ಲ. ತೊಯ್ದ ಬಟ್ಟೆಯಲ್ಲಿ ನಿಂತು ಮಾದೇವಿಯ ಕಡೆ ತಿರುಗಿದರು. "ಇವಳ ಬಾಯಿ ಹಾಳಾಗ. ಒಳ್ಳೆಯ ಹೊತ್ತಿನಲ್ಲಿ ಬಂದು ಅಡ್ಡ ನುಡಿದಳು. ನುಡಿದ ಹಾಗೇ ಆಯಿತು."

ಮಾದೇವಿಯ ಕೈಯಲ್ಲಿ ಇನ್ನೂ ಮೂರು ಅಗುಳಿದ್ದವು. ಅವನ್ನು ನೀರಿಗೆ ಎಸೆದಳು.

"ನಾನು ನುಡಿದದ್ದಕ್ಕೆ ನೀರು ಬರಲಿಲ್ಲ ಕಣ್ರೋ. ನೀರು ಬರುತ್ತಿತ್ತು, ಅದಕ್ಕೆ ನುಡಿದೆ! ಇಷ್ಟು ತಿಳಿಯದಿದ್ದರೆ ಆ ದಿನ ಅಂಗಳದಲ್ಲಿ ಕೂತು ಏನು ಕೇಳಿದಿರಿ?"

ಅವಳು ಮನೆಗೆ ಹೋಗಿ ಬೆಂದ ಅನ್ನವನ್ನು ಹಸುವಿಗೆ ಹಾಕಿದಳು. ಮತ್ತೆ ತೂಬಿಗೆ ಬಂದು, ಕಂಬದ ಗಾಜು ತೆಗೆದು ಕಾಗದ ಕಿತ್ತು ಸೆರಗಿನಲ್ಲಿ ಸುತ್ತಿಕೊಂಡಳು. ವಿಜ್ಞಾನಿ ಎಲ್ಲಿ ಸಿಗುತ್ತಾನೆ ಎಂದು ಮಾಸ್ತರನ್ನು ವಿಚಾರಿಸಿ, ವಾರದ ಮೇಲೆ ಬಸ್ಸು ಹತ್ತಿದಳು. ಪಟ್ಟಣದ ಒಂದು ಸಭಾಭವನದಲ್ಲಿ ಅವನು ಮಾತಾಡುತ್ತಿದ್ದ. ಅದೇ ತೆಂಗಿನಕಾಯಿ, ಅದೇ ನಿಂಬೆಹಣ್ಣು, ಅದೇ ಮಾತು. ಕೊನೆಗೆ, "ಯಾರಾದರೂ ಕೇಳುವುದಿದ್ದರೆ ಕೇಳಿ," ಎಂದ.

ಮಾದೇವಿ ಎದ್ದಳು. "ಹೊಸದಾಗಿ ಕೇಳುವುದಿಲ್ಲ. ಹಳೆಯದಕ್ಕೇ ಉತ್ತರ ಬಂದಿಲ್ಲ."

"ಯಾವುದಮ್ಮ ಹಳೆಯದು?"

"ನೀವು ನಕ್ಕಿರಲ್ಲ, ಅದು."

ಅವನು ಕಣ್ಣು ಕಿರಿದು ಮಾಡಿ ನೋಡಿದ. ಗುರುತು ಸಿಕ್ಕಿತು. "ಓಹೋ, ಗಂಜಿಯ ಅಜ್ಜಿ!" ಎಂದ. ಸಭೆ ಆಗಲೇ ನಗಲು ಬಾಯಿ ತೆರೆದಿತ್ತು.

"ಗಂಜಿಯಲ್ಲ. ಹದಿನೆಂಟು ಮನೆಯ ಉಪ್ಪು. ನೀವು ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ಸಮುದ್ರಕ್ಕೆ ಹೋಯಿತು." ಅವಳು ಮುಂದೆ ನಡೆದು ಹೋಗಿ ಕಾಗದವನ್ನು ತೆಂಗಿನಕಾಯಿಯ ಪಕ್ಕದಲ್ಲಿ ಇಟ್ಟಳು. "ಬರುವ ಹುಣ್ಣಿಮೆಗೆ ಮಧ್ಯಾಹ್ನದೊಳಗೆ ಬನ್ನಿ. ಗಡಿಯಾರ ನೀವೇ ತನ್ನಿ. ನನ್ನ ಹತ್ತಿರ ಇಲ್ಲ."

ತೆರೆದ ಬಾಯಿಗಳು ಮುಚ್ಚಿದವು. ವಿಜ್ಞಾನಿ ಕಾಗದವನ್ನು ನೋಡಿದ. ಸಹಿ ಅವನದೇ. ಮೂಲೆಯಲ್ಲಿ ಉಪ್ಪು ಒಣಗಿ ಬಿಳಿಯಾಗಿತ್ತು.

ಹುಣ್ಣಿಮೆಗೆ ಅವನು ಬಂದ. ಅಷ್ಟರಮಟ್ಟಿಗೆ ಅವನು ದೊಡ್ಡ ಮನುಷ್ಯ, ಅದನ್ನು ಅಲ್ಲಗಳೆಯಬಾರದು. ಮಾದೇವಿ ಬಾ ಎನ್ನಲಿಲ್ಲ, ಕೂತುಕೋ ಎನ್ನಲಿಲ್ಲ. ಕಟ್ಟೆಯ ಮೇಲೆ ನಿಲ್ಲಿಸಿ ಬಂಡೆ ತೋರಿಸಿದಳು. ಬಂಡೆ ಮುಳುಗಿತು. ಅವನು ಗಡಿಯಾರ ನೋಡಿಕೊಂಡ. ಅವಳು ಅಕ್ಕಿ ಹಾಕಿದಳು. ಇಬ್ಬರೂ ಒಲೆಯ ಮುಂದೆ ಕೂತರು. ಹೊಗೆ ಅವನ ಕನ್ನಡಕಕ್ಕೆ ಬಡಿಯಿತು. ಅವಳು ಊದುಕೊಳವೆ ಊದುತ್ತಲೇ ಇದ್ದಳು. ಕೊನೆಗೆ ಒಂದು ಅಗುಳು ತೆಗೆದು ಹಿಚುಕಿ, "ಬೆಂದಿತು, ಹೋಗಿ ನೋಡಿ," ಎಂದಳು. ಅವನು ಹೋಗಿ ತೂಬಿನ ಹತ್ತಿರ ನೀರಿಗೆ ಒಂದು ಹುಲ್ಲುಕಡ್ಡಿ ಬಿಟ್ಟ. ಕಡ್ಡಿ ಒಳಗೂ ಹೋಗಲಿಲ್ಲ, ಹೊರಗೂ ಹೋಗಲಿಲ್ಲ. ಭರತ ತುಂಬಿ ನಿಂತಿತ್ತು.

"ಒಂದು ಗಂಟೆ ಇಪ್ಪತ್ತು ನಿಮಿಷ," ಎಂದ ಅವನು, ವಾಪಸು ಬಂದು. ಕಳೆದ ದನ ಸಿಕ್ಕವನಂತೆ ಮುಖ ಅರಳಿತ್ತು. "ಅಳಿವೆ ಕಿರಿದು. ಹೊಳೆ ಮೂರು ಕಡೆ ಬಳುಕಿದೆ. ಕಣ್ಣಿಗೆ ಹತ್ತಿರ, ನೀರಿಗೆ ದೂರ. ಅದಕ್ಕೇ ಇಲ್ಲಿ ತಡ. ಒಂದೊಂದು ತೀರಕ್ಕೆ ಒಂದೊಂದು ತಡ ಇರುತ್ತದೆ. ಇದು ನಮ್ಮ ಪುಸ್ತಕದಲ್ಲೇ ಇದೆ."

"ಇದೆಯೇ? ಇದ್ದರೆ ಯಾಕೆ ಹೇಳಲಿಲ್ಲ?"

"ನಿಮಗೆ ಕಷ್ಟವಾದೀತು ಎಂದು ಬಿಟ್ಟೆ."

ಊದುಕೊಳವೆ ಕೆಳಗೆ ಬಿತ್ತು.

"ಕಷ್ಟವೇ? ಹಲ್ಲು ಬಂದ ದಿನದಿಂದ ಮುಳ್ಳಿರುವ ಮೀನು ತಿಂದ ಜನ ನಾವು! ನಮಗೆ ಮುಳ್ಳು ತೆಗೆದು ಕೊಡಲು ನಿಮಗೆ ಹೇಳಿದವರು ಯಾರು? ನೀವು ಮುಳ್ಳು ತೆಗೆದಿರಿ, ಮುಳ್ಳಿನ ಜೊತೆ ಮೀನೂ ಹೋಯಿತು. ಬರೀ ಬಾಳೆಲೆ ಕೊಟ್ಟು ಉಣ್ಣಿ ಎಂದಿರಿ."

"ನೀವಾದರೂ ಆ ದಿನ ಸರಿಯಾಗಿ ಹೇಳಿದ್ದರೆ..."

"ಹೇಳಿದೆ! ಊರೆಲ್ಲ ಸಾಕ್ಷಿ ಇದೆ. ನಾನು ಆಡಿದ್ದು ಚಂದ್ರನ ಮಾತು. ನಿಮ್ಮ ಕಿವಿಗೆ ಅದು ಗಂಜಿಯಾಗಿ ಬಿತ್ತು."

ವಿಜ್ಞಾನಿ ಬಿದ್ದ ಊದುಕೊಳವೆಯನ್ನು ಎತ್ತಿ ಅವಳ ಮುಂದಿಟ್ಟ. ಆಮೇಲೆ, "ತಪ್ಪಾಯಿತು," ಎಂದ.

"ಇಲ್ಲಿ ಹೇಳಿದರೆ ಒಲೆಗೆ ಕೇಳುತ್ತದೆ. ನಕ್ಕದ್ದು ಶಾಲೆಯ ಅಂಗಳದಲ್ಲಿ."

ಅದೇ ಮಧ್ಯಾಹ್ನ ಅಂಗಳದಲ್ಲಿ ಊರು ಸೇರಿತು. ವಿಜ್ಞಾನಿ ಎದ್ದು ನಿಂತು, "ಮಾದೇವಮ್ಮನವರ ಪ್ರಶ್ನೆಗೆ ಉತ್ತರ..." ಎಂದು ತೊಡಗಿದ. ಮಾದೇವಿ ಕೂತಲ್ಲಿಂದಲೇ ಕೈ ಎತ್ತಿದಳು.

"ಉತ್ತರ ಆಮೇಲೆ. ಮೊದಲು ನನ್ನ ಪ್ರಶ್ನೆ ಹೇಳಿ."

ಅವನು ಹೇಳಿದ. ಬಂಡೆಯನ್ನು ಬಿಟ್ಟುಬಿಟ್ಟಿದ್ದ. "ಬಂಡೆ ಎಲ್ಲಿ ಹೋಯಿತು?" ಎಂದಳು. ಮತ್ತೆ ಹೇಳಿದ. ಈ ಸಲ ಅನ್ನವನ್ನು ನುಂಗಿದ್ದ, 'ಸ್ವಲ್ಪ ಹೊತ್ತು' ಎಂದಿದ್ದ. "ಸ್ವಲ್ಪ ಹೊತ್ತಲ್ಲ. ಅನ್ನ ಬೇಯುವಷ್ಟು ಹೊತ್ತು," ಎಂದಳು. ಮೂರನೆಯ ಸಲ ಒಂದು ಮಾತೂ ಬಿಡದೆ ಹೇಳಿದ. ಚಂದ್ರ ಎಳೆದು ಮುಗಿಸಿದ ಮೇಲೆ ಇಲ್ಲಿ ಅನ್ನ ಬೇಯುವಷ್ಟು ಹೊತ್ತು ನೀರನ್ನು ಏರಿಸುವವರು ಯಾರು? ಯಾರೂ ನಗಲಿಲ್ಲ. ಅದೇ ಪ್ರಶ್ನೆ, ಅದೇ ಅಂಗಳ, ಅದೇ ಜನ. ಕನ್ನಡಕ ಹಾಕಿದವನ ಬಾಯಿಂದ ಬಂತು, ಅಷ್ಟೇ ವ್ಯತ್ಯಾಸ. ಮಾದೇವಿ ಸುತ್ತ ಒಮ್ಮೆ ನೋಡಿದಳು. ಒಬ್ಬರೂ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ.

ವಿಜ್ಞಾನಿ ಉತ್ತರ ಹೇಳಿದ. ಈ ಸಲ ಮುಳ್ಳು ತೆಗೆಯಲಿಲ್ಲ. ಎಲ್ಲರಿಗೂ ಅರ್ಥವಾಯಿತು, ಯಾಕೆಂದರೆ ಎಲ್ಲರೂ ಅದೇ ಹೊಳೆಯಲ್ಲಿ ದೋಣಿ ನಡೆಸಿದವರು. ಹಮ್ಮಣ್ಣ ಎದ್ದು ಬಂದು ಕೋಲನ್ನು ಮಾದೇವಿಯ ಮುಂದೆ ಇಟ್ಟ.

"ಕಾಗದವನ್ನೂ ತನ್ನಿ," ಎಂದಳು ಅವಳು ವಿಜ್ಞಾನಿಗೆ. "ಅದು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧ. ಕೆಳಗೆ ಅನ್ನ ಬೇಯುವ ಹೊತ್ತನ್ನೂ ಬರೆಯಿರಿ ಸ್ವಾಮಿ. ಕುಚ್ಚಲಕ್ಕಿ ಎಂದು ಬರೆಯಿರಿ."

ಅವನು ಬರೆದ. ಅವಳು ಕಾಗದವನ್ನು ಮಡಿಸಿ ಕೋಲಿಗೆ ಕಟ್ಟಿದಳು. ಆಮೇಲೆ ಗಂಟಲು ಸರಿಪಡಿಸಿಕೊಂಡಳು.

"ಆ ದಿನ ಇನ್ನೊಂದು ಪ್ರಶ್ನೆ ಇತ್ತು. ನಿಮ್ಮ ನಗೆಯಲ್ಲಿ ಉಳಿದುಹೋಯಿತು. ಇವತ್ತು ಹುಣ್ಣಿಮೆ. ಈ ಮಧ್ಯಾಹ್ನ ಚಂದ್ರ ನಮ್ಮ ಕಾಲಡಿ, ಭೂಮಿಯ ಆಚೆ ಇದ್ದಾನೆ ಎಂದು ನೀವೇ ಹೇಳಿದ್ದು. ಎಳೆಯುವವನು ಆಚೆ ಇದ್ದರೆ ಈಚೆ ನೀರು ಯಾಕೆ ಏರಿತು?"

ವಿಜ್ಞಾನಿ ನಿಂತಿದ್ದವನು ಅವಳ ಎದುರಿಗೆ ನೆಲದ ಮೇಲೆ ಕೂತ. "ಅಮ್ಮ, ಇದನ್ನು ಕೇಳಿದ ದೊಡ್ಡ ದೊಡ್ಡವರೇ ಎಷ್ಟೋ ಕಾಲ ತಲೆ ಕೆಡಿಸಿಕೊಂಡರು. ಇದು ಒಂದು ಗಳಿಗೆಯಲ್ಲಿ ಮುಗಿಯುವ ಮಾತಲ್ಲ."

"ಮುಗಿಯದಿದ್ದರೆ ಇನ್ನೊಂದು ಪಾವು ಅಕ್ಕಿ ಹಾಕುತ್ತೇನೆ," ಎಂದಳು ಮಾದೇವಿ. "ಮುಳ್ಳು ಇರಲಿ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖದಲ್ಲಿ ನಗು ಮೂಡಿತ್ತು. "ಆ ವಿಜ್ಞಾನಿ ಎಂಥ ದಡ್ಡ, ಗುರುಗಳೇ," ಎಂದ. "ಎದುರಿಗೆ ನಿಂತು ಕೇಳಿದ್ದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲವಲ್ಲ!"

ಮರಳಿನ ಸದ್ದು ನಿಂತಿತು. ಗುರುಗಳು ಗಾಜಿನಿಂದ ಕೈ ತೆಗೆದು ಅವನ ಕಡೆ ತಿರುಗಿದರು.

"ನಿನ್ನೆ ಆ ಮುದುಕಿ ಎದ್ದು ಏನೋ ಕೇಳಿದಳು ಎಂದೆಯಲ್ಲ, ಏನು ಕೇಳಿದಳು?"